ಮರಿ ಹೊರಗ ಬಂದಿತ್ತೇನು?

ಮುಷ್ಟಿ ಬಿಚ್ಚುತ್ತಿರಲಿಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಡಬೇಕೆಂದು ಅಯ್ಯನವರು ಬಿಸಿನೀರು ಬಿಟ್ಟು ಮರುಳಸಿದ್ದಪ್ಪನ ಬೆರಳುಗಳನ್ನು ಒಂದೊಂದಾಗಿ ಸಡಿಲಿಸುತ್ತಿದ್ದರು.

“ಬದುಕಿದ್ದಾಗ ಯಾರಿಗೂ ಒಂದು ಅಡಿಕಿ ಚೂರು ಬಿಟ್ಟಾಂವಲ್ಲ. ಈಗ ಬಿಡ್ತಾನೇನ್ರೀ?” ಎಂದಳು ನೆರೆಮನೆಯ ಜಂಬವ್ವ, ಅಳುತ್ತಲೇ.

ಕೊನೆಗೂ ಅಂಗೈ ತೆರೆಯಿತು. ಒಳಗೆ ಉಗುರಿಗಿಂತ ತುಸು ದೊಡ್ಡದಾದ, ದಪ್ಪನೆಯ ಚಿಪ್ಪಿನ ಚೂರು. ಹೆಂಡತಿ ನೀಲಗಂಗಮ್ಮ ಅದನ್ನು ಎತ್ತಿ ಸೆರಗಿನಲ್ಲಿ ಹಿಡಿದುಕೊಂಡಳು.

“ದೊಡ್ಡವ್ವ, ಅದನ್ನ ನನಗ ಕೊಡು,” ಎಂದ ಅವಳ ತಂಗಿಯ ಮಗ ಮನೋಹರ್. “ಮಣ್ಣಾಗ ಹೋಗೋದು ಬ್ಯಾಡ. ಮ್ಯೂಸಿಯಂದಾಗ ಇಡ್ತಾರ. ದೊಡ್ಡಪ್ಪನ ಹೆಸರೂ ಬರೀತಾರ.”

“ಅವ್ರ ಕೈಯಾಗ ಇರ್ಲಿ ಬಿಡಪ್ಪ.”

“ಲಿಂಗ ಹಿಡಿಯೋ ಕೈಯಾಗ ಬ್ಯಾರೇನೂ ಇರಬಾರದು ತಾಯಿ,” ಎಂದರು ಅಯ್ಯನವರು.

*

ಮದುವೆಯಾದ ಹೊಸದರಲ್ಲಿ ಹುಟ್ಟಿದ ಕೂಸು ಅಳಲೇ ಇಲ್ಲ. ತಮ್ಮ ಹೊಲದ ಒಡ್ಡಿನ ಕೆಳಗೆ, ಹಳ್ಳದ ದಂಡೆಯಲ್ಲಿ, ಮರುಳಸಿದ್ದಪ್ಪ ಒಬ್ಬನೇ ಗುಂಡಿ ತೋಡಿ ಬಂದ. “ಕೂಸಿನ ಗುಂಡ್ಯಾಗ ಸಿಕ್ತು,” ಎಂದು ಚೂರನ್ನು ನೀಲಗಂಗಮ್ಮನಿಗೆ ತೋರಿಸಿದ. ದಂಡೆಯ ಯಾವ ಜಾಗದಲ್ಲಿ ಹೂತೆ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಹೋದ ವರ್ಷ ಮನೋಹರ್ ಅದನ್ನು ಬಲ್ಲವರಿಗೆ ತೋರಿಸಿಕೊಂಡು ಬಂದಿದ್ದ.

“ಉಷ್ಟ್ರಪಕ್ಷಿ ತತ್ತೀದಂತ, ದೊಡ್ಡಪ್ಪ! ಆಳಿಗಿಂತ ಎತ್ತರದ ಹಕ್ಕಿ. ನಮ್ಮ ದೇಶದಾಗೂ ಓಡಾಡ್ತಿದ್ವು. ಹೆಚ್ಚುಕಮ್ಮಿ ಇಪ್ಪತ್ತೈದು ಸಾವಿರ ವರ್ಷದ ಹಿಂದ ಅಳಿದು ಹೋದ್ವಂತ.”

ಮರುಳಸಿದ್ದಪ್ಪ ಚೂರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಮರಿ ಹೊರಗ ಬಂದಿತ್ತೇನು?”

“ಅದು ಹೆಂಗ ಗೊತ್ತಾಗ್ತೈತಿ?” ಮನೋಹರ್ ನಕ್ಕ.

ಒಳಗೆ ರೊಟ್ಟಿ ಬಡಿಯುತ್ತಿದ್ದ ನೀಲಗಂಗಮ್ಮನ ಕೈ ನಿಂತಿತ್ತು.

*

ಹೊಲದ ಮೇಲಿನ ತುದಿಯಲ್ಲಿ ಗಂಡನನ್ನು ಸಮಾಧಿಯೊಳಗೆ ಕೂರಿಸಿದರು. ಅಂಗೈಯಲ್ಲಿ ಲಿಂಗ, ಎದೆಯವರೆಗೆ ವಿಭೂತಿ, ಬಿಲ್ವಪತ್ರೆ. ಮನೋಹರ್ ಮತ್ತೆ ಕೈ ಚಾಚಿದ.

“ಆ ಹಕ್ಕಿಗಳು ಯಾವಾಗ ಸತ್ವು ಅಂತ ಗೊತ್ತಾತಲ್ಲಪ್ಪ ನಿಮಗ,” ಎಂದಳು ನೀಲಗಂಗಮ್ಮ. “ಅಷ್ಟು ಸಾಕು.”

ಅವಳು ಹಳ್ಳದ ಕಡೆ ಇಳಿದಳು. ಎಷ್ಟೋ ಸಲದ ನೆರೆ ದಂಡೆಯನ್ನು ಕೊರೆದಿತ್ತು. ಕೂಸಿನ ಜಾಗ ಬಲ್ಲವನು ಮೇಲೆ ಮಣ್ಣಿನಲ್ಲಿ ಕುಳಿತಿದ್ದ. ಅತ್ತಿತ್ತ ನೋಡಿದಳು. ಲಕ್ಕಿಗಿಡದ ನೆರಳು ಬಿದ್ದ ಕಡೆ ಕುಕ್ಕರುಗಾಲಲ್ಲಿ ಕೂತು, ಕೆಂಪು ಮಣ್ಣನ್ನು ಬೆರಳಿಂದ ಕೆದಕಿ, ಚೂರನ್ನು ಒಳಗಿಟ್ಟು ಮುಚ್ಚಿದಳು. ಅಂಗೈಯಿಂದ ಮೆಲ್ಲಗೆ, ಮಲಗಿಸುವಂತೆ, ತಟ್ಟತೊಡಗಿದಳು.

“ಏ ನೀಲಗಂಗವ್ವಾ! ಜಲ್ದಿ ಬಾರೇ, ಮಣ್ಣು ಹಾಕಬೇಕು!” ಜಂಬವ್ವ ಮೇಲಿಂದ ಕೂಗಿದಳು.

ನೀಲಗಂಗಮ್ಮ ತಿರುಗಿ, ಮಣ್ಣು ಮೆತ್ತಿದ ಬೆರಳನ್ನು ತುಟಿಯ ಮೇಲಿಟ್ಟಳು.