ಶೌಕತ ಅಲಿ ಹೇಳಿದ ಡೈಲಾಗು

ಸಾಕ್ಷ್ಯಚಿತ್ರಕ್ಕೆ ಐದಕ್ಕೆ ನಾಲ್ಕೂವರೆ ಅಂಕ ಕೊಟ್ಟು ನಾನು ವಿಮರ್ಶೆ ಕಳಿಸಿಯಾಗಿತ್ತು. ಸೋಮವಾರ ಕಲಬುರಗಿಯ ಪತ್ರಿಕೆಯಲ್ಲಿ ಅಚ್ಚಾಗಬೇಕಿತ್ತು. ಮನಿಲಾದ ವಿಮರ್ಶಕರು ಚಿತ್ರವನ್ನು ಹೊಗಳಿದ್ದರು, ಅದರಲ್ಲಿ ಬರುವ ನಟನ ಅಭಿಮಾನಿಗಳು ಮಾತ್ರ ನಿರ್ದೇಶಕಿಯ ಮನೆಗೆ ಕಲ್ಲು ತೂರಿದ್ದರಂತೆ. ಆ ಅಭಿಮಾನಿಗಳನ್ನು ಕುರಿತು ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಬರೆದಿದ್ದೆ. ನನ್ನ ಬಾಯಿ ಮೊದಲೇ ಜೋರು, ಬರೆಯಲು ಕೂತರೆ ಇನ್ನೂ ಜೋರು. ನಮ್ಮೂರು ವಾಡಿಯಲ್ಲಿ ಅಪ್ಪ ಪೀರಪ್ಪ ದಿನಾ ಹೋಟೆಲಿನಲ್ಲಿ ಯಾರಿಂದಲಾದರೂ ಪೇಪರ್ ಓದಿಸಿ ಕೇಳುತ್ತಾನೆ. ಮಗಳು ಬರೆದದ್ದಾದರೆ ಎರಡೆರಡು ಸಲ ಓದಿಸುತ್ತಾನೆ.

ಚಿತ್ರ ನಾರ್ಸಿಸೊ ಎಂಬ ಫಿಲಿಪ್ಪೀನ್ಸಿನ ಫೈಟಿಂಗ್ ಹೀರೋನ ಮೇಲಿನದು. ನಾನು ಹುಟ್ಟುವ ಮೊದಲು ಶೌಕತ ಅಲಿ ಕಾಕಾ ವಾಡಿ ಸ್ಟೇಷನ್ನಿನ ಹಿಂದೆ ತಗಡಿನ ಶೆಡ್ಡಿನಲ್ಲಿ ವಿಡಿಯೊ ಹಾಕಿ ಅವನ ಸಿನಿಮಾ ತೋರಿಸುತ್ತಿದ್ದ. ಆ ಭಾಷೆ ಯಾರಪ್ಪನಿಗೆ ಬರಬೇಕು? ಕಾಕಾ ಟಿವಿಯ ದನಿ ಬಂದ್ ಮಾಡಿ, ಮೈಕು ಹಿಡಿದು, ಎಲ್ಲರ ಡೈಲಾಗನ್ನೂ ತಾನೇ ನಮ್ಮ ಮಾತಿನಲ್ಲಿ ಹೊಡೆಯುತ್ತಿದ್ದ. ಕಥೆಯೂ ಅವನದೇ. ನಾರ್ಸಿಸೊ ಗಣಿ ಕೂಲಿಗಳ ಅಣ್ಣ, ಹರಕು ಅಂಗಿಯವರೆಲ್ಲ ಧಣಿಯ ಗೂಂಡಾಗಳು ಎಂದ. ವಾಡಿ ನಂಬಿತು.

ಅದನ್ನು ಕೇಳಿ ಕೇಳಿ ನಮ್ಮಪ್ಪ ರಾವೂರಿನ ನೆಲಹಾಸಿನ ಫರಸಿಕಲ್ಲಿನ ಗಣಿಯಲ್ಲಿ ಒಂದು ದಿನ ಠೇಕೇದಾರನ ಎದುರು ಎದ್ದು ನಿಂತ. ಠೇಕೇದಾರನ ಮಂದಿ ಬಡಿದರು. ಒಂದು ಕಣ್ಣು ಹೋಯಿತು. ಇವತ್ತಿಗೂ ಯಾರಾದರೂ ಕೇಳಿದರೆ, “ನಾರ್ಸಣ್ಣನ ಸಲುವಾಗಿ ಕೊಟ್ಟೀನಿ” ಅನ್ನುತ್ತಾನೆ. ಅವನ ಬದುಕಿನ ಹೆಮ್ಮೆಯೆಲ್ಲ ಆ ಒಂದು ಮಾತಿನಲ್ಲಿದೆ.

ಸಾಕ್ಷ್ಯಚಿತ್ರ ಹೇಳುವುದೇ ಬೇರೆ. ಆ ಸಿನಿಮಾಗಳಿಗೆ ದುಡ್ಡು ಹಾಕಿದವರು ಅಲ್ಲಿನ ಗಣಿ ಮಾಲೀಕರು. ನಾರ್ಸಿಸೊ ಅವರ ಕಾವಲುಗಾರನ ಪಾತ್ರ ಮಾಡುತ್ತಿದ್ದ. ತೆರೆಯ ಮೇಲೆ ಅವನು ತದುಕಿದ್ದು ಮುಷ್ಕರ ಹೂಡಿದ ಕೂಲಿಗಳನ್ನು.

ಭಾನುವಾರ ಮಧ್ಯಾಹ್ನ ಅದೇ ಶೆಡ್ಡಿನಲ್ಲಿ ಹಳೆಯ ಅಭಿಮಾನಿಗಳು ಸೇರಿದರು. ಸಾಕ್ಷ್ಯಚಿತ್ರ ಹಾಕುವುದು, ಕಾಕಾ ಮೊದಲಿನಂತೆ ಮೈಕಿನಲ್ಲಿ ಹೇಳುವುದು ಎಂದು ನಿಗದಿಯಾಗಿತ್ತು. ನಾನು ಅವನನ್ನು ಶೆಡ್ಡಿನ ಹಿಂದಕ್ಕೆ ಕರೆದು ಚಿತ್ರದಲ್ಲಿರುವುದನ್ನೆಲ್ಲ ತಿಳಿಸಿದೆ.

“ಕಾಕಾ, ಇವತ್ತು ಕಡ್ಡಿ ಮುರದಂಗ ಖರೇ ಹೇಳ್ರಿ. ನಾಳಿ ಪೇಪರಿನ್ಯಾಗ ಬರ್ತದ. ಅಪ್ಪ ಹೋಟೆಲಿನ್ಯಾಗ ಹತ್ತು ಮಂದಿ ಮುಂದ ಕೇಳೋದು ಬ್ಯಾಡ.”

“ಇಷ್ಟು ವರ್ಷದ ಮ್ಯಾಲ ಯಾಕ ಬೇಟಿ? ಪೇಪರಿನವರಿಗೆ ಫೋನ್ ಮಾಡು. ಹಾಕಬ್ಯಾಡ್ರಿ ಅನ್ನು.”

“ಅನ್ನಂಗಿಲ್ಲ. ನೀವು ಹೇಳಲಿಲ್ಲಂದ್ರ ಮೈಕ್ ಕಸಗೊಂಡು ನಾನೇ ಹೇಳ್ತೀನಿ.”

ಅವನು ಟೋಪಿ ತೆಗೆದು ಬೆವರು ಒರೆಸಿಕೊಂಡ. ನನಗೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು.

ಚಿತ್ರ ಶುರುವಾಯಿತು. ನಾರ್ಸಿಸೊನ ಬಾಲ್ಯ, ಮದುವೆ, ಮೊದಲ ಸಿನಿಮಾ. ಕಾಕಾ ಹೇಳುತ್ತ ಹೋದ, ಮಂದಿ ಸೀಟಿ ಹೊಡೆದರು. ಅಪ್ಪ ಮುಂದಿನ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ. ಆಮೇಲೆ ಹಳೆಯ ಸಿನಿಮಾದ ಗಣಿಯ ಫೈಟು ಬಂತು. ಕಾಕಾ ಬಾಯಿ ಬಿಡಲಿಲ್ಲ. ತೆರೆಯ ಮೇಲೆ ನಾರ್ಸಿಸೊ ಒಬ್ಬೊಬ್ಬರನ್ನೇ ಎತ್ತಿ ಒಗೆಯುತ್ತಿದ್ದ.

“ಏ ಶೌಕತ, ಡೈಲಾಗ್ ಹೊಡಿಯೋ,” ಹಿಂದಿನಿಂದ ಯಾರೋ ಕೂಗಿದರು.

ನಾನು ಮೈಕಿನತ್ತ ಕೈ ಚಾಚಿದೆ. ಕಾಕಾ ನನ್ನ ಕೈ ಸರಿಸಿದ.

“ಹರಕು ಅಂಗಿಯವರು ಗೂಂಡಾಗಳಲ್ರಿ. ಕೂಲಿ ಮಂದಿ. ಇವ ಧಣಿ ಕಡಿಯವ. ಆವಾಗ ನಾ ಹೇಳಿದ್ದೆಲ್ಲ ನಾನೇ ಹುಟ್ಟಿಸಿದ್ದು.”

ಸೀಟಿಗಳು ನಿಂತವು. ಯಾರೋ ಕುರ್ಚಿ ಒದ್ದು ಹೊರಗೆ ನಡೆದರು. ಅಪ್ಪ ಎದ್ದು ಕಾಕಾನ ಹತ್ತಿರ ಬಂದ. ಹೊಡೆದೇಬಿಡುತ್ತಾನೆ ಎಂದು ನಾನು ನಡುವೆ ಹೋಗಿ ನಿಂತೆ. ಅಪ್ಪ ನನ್ನನ್ನು ನೋಡಲೂ ಇಲ್ಲ.

“ಹಂಗಾದ್ರ ಆ ಮಾತೆಲ್ಲ ನಿನ್ನವು.”

“ಹೂಂ. ನನ್ನವೇ.”

“ನಾ ಎದ್ದು ನಿಂತಿದ್ದು ಆ ಮಾತಿಗೆ, ಶೌಕತ. ನನಗ ಹೊಡಿಯಾಕತ್ತಾಗ ನೀ ಎಲ್ಲಿದ್ದಿ?”

ಮೈಕು ಇನ್ನೂ ಕಾಕಾನ ಕೈಯಲ್ಲೇ ಇತ್ತು. ಅವನು ಮೆಲ್ಲಗೆ ಹೇಳಿದರೂ ಇಡೀ ಶೆಡ್ಡಿಗೆ ಕೇಳಿತು.

“ಇಲ್ಲೇ ಇದ್ದೆ. ಮಧ್ಯಾಹ್ನದ ಆಟ ನಡದಿತ್ತು. ಡೈಲಾಗ್ ಹೇಳಾಕತ್ತಿದ್ದೆ.”

ಅಪ್ಪ ತಲೆಯಾಡಿಸಿದ.

“ಆ ದಿನ ಆಟಕ್ಕ ಮಂದಿ ಬಂದಿದ್ರೇನು?”

“ಭಾಳ ಬಂದಿದ್ರು, ಪೀರಪ್ಪ.”