ಉಪಾಲಿ ಹಾಕಿದ ಪೈಪು

ನಾಯಿಯೊಂದು ವ್ಯಾನನ್ನು ದಾಟಿ ಮುಂದೆ ಹೋಯಿತು, ಓಡಿಯೂ ಅಲ್ಲ, ನಡೆದುಕೊಂಡೇ, ಒಮ್ಮೆ ತಿರುಗಿ ನನ್ನನ್ನು ನೋಡಿತು ಕೂಡ — ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೇನೆ, ಇನ್ನು ಒತ್ತಲು ಜಾಗವಿಲ್ಲ, ಆದರೂ ಎಂಜಿನ್ನು ಉಬ್ಬಸದವರ ಹಾಗೆ ಕುಸಿಯುತ್ತಿದೆ, ಎರಡನೇ ಗೇರು, ಒಂದನೇ ಗೇರು, ಕಹಗೊಲ್ಲದ ಏರು ಅರ್ಧವೂ ಆಗಿಲ್ಲ, ಹಿಂದಿನಿಂದ ವ್ಯಾನ್ ಆಂಟಿ ನಾವು ಇಳಿದು ತಳ್ಳೋಣ್ವಾ, ಬೇಡ ಕೂತ್ಕೊಳ್ರೋ, ಅಂಕಲ್ ಇದ್ದಾಗ ಹೀಗೆ ನಿಲ್ತಾನೇ ಇರ್ಲಿಲ್ಲ ಅಲ್ವಾ ಆಂಟಿ, ಷ್ ಸುಮ್ನಿರೇ — ಒಬ್ಬಳು ಇನ್ನೊಬ್ಬಳನ್ನು ತಿವಿಯುವುದು ಕನ್ನಡಿಯಲ್ಲಿ ಕಾಣುತ್ತದೆ, ಎಲ್ಲರೂ ಬಿಳಿ ಸಮವಸ್ತ್ರದಲ್ಲಿ, ನಮ್ಮ ಗಲ್ಲಿಯ ಉದ್ದಕ್ಕೂ ನನ್ನ ಗಂಡ ಉಪಾಲಿಯ ಸಾವಿಗೆ ಕಟ್ಟಿದ ಬಾವುಟಗಳೂ ಇಷ್ಟೇ ಬಿಳಿ, ಮಳೆಗೆ ನೆನೆದು ಒಂದೆರಡು ಇನ್ನೂ ತಂತಿಗೆ ಅಂಟಿಕೊಂಡಿವೆ. ದಿಯತಲಾವದ ಸಮತಟ್ಟು ರಸ್ತೆಯಲ್ಲಿ ಏನೂ ಇಲ್ಲ, ಹಪುತಲೆಯ ಕಡೆ ಮೂತಿ ಎತ್ತಿದರೆ ಸಾಕು, ಜೀವ ಹೋಗುತ್ತದೆ. ನಿನ್ನೆ ಸಂದಾಮಾಲಿಯ ತಾಯಿ ಗೇಟಿನ ಬಳಿ ನಿಂತು, ತಪ್ಪು ತಿಳ್ಕೋಬೇಡಿ ಅಕ್ಕಾ, ಪರೀಕ್ಷೆ ಹತ್ರ ಬಂತು, ಇವಳು ದಿನಾ ಎರಡನೇ ಪೀರಿಯಡ್‌ಗೆ ಹೋಗಿ ಸೇರ್ಕೊಂಡ್ರೆ ಹೇಗೆ, ಸೋಮವಾರದಿಂದ ಬೇರೆ ವ್ಯಾನ್ ನೋಡಿದೀವಿ ಅಂದಳು, ನಾನು ತಲೆಯಾಡಿಸಿದೆ, ಯಾಕೆ ತಲೆಯಾಡಿಸಿದೆ, ಇವತ್ತು ಇವರೆಲ್ಲ ಚೀಲ ಹೊತ್ತು ನಡೆದು ಹೋದರೆ ನಾಳೆ ಎಲ್ಲ ಗೇಟುಗಳಲ್ಲೂ ಒಬ್ಬೊಬ್ಬ ತಾಯಿ ನಿಂತಿರುತ್ತಾಳೆ, ತಪ್ಪು ತಿಳ್ಕೋಬೇಡಿ ಅಕ್ಕಾ — ನಿಂತೇಹೋಯಿತು. ಹ್ಯಾಂಡ್‌ಬ್ರೇಕು. ಮಕ್ಕಳು ಇಳಿದು ನಡೆದರು, ಕೊನೆಯವಳು ಬಾಗಿಲನ್ನು ಎಷ್ಟು ಮೆಲ್ಲಗೆ ಹಾಕಿದಳೆಂದರೆ, ರೋಗಿಯ ಕೋಣೆಯ ಬಾಗಿಲೋ ಎಂಬಂತೆ.

ಇಳಿಜಾರಿನಲ್ಲಿ ಉರುಳಿಸಿಕೊಂಡು ಬಂದು ಮರ್ವಿನ್ ಬಾಸ್‌ನ ಗ್ಯಾರೇಜಿಗೆ ಹಾಕಿ ಎಷ್ಟು ಹೊತ್ತಾಯಿತೋ, ಕೊಟ್ಟ ಕಪ್ಪು ಚಹಾ ಕೈಯಲ್ಲೇ ಆರಿಹೋಗಿದೆ, ಬೆಲ್ಲದ ಚೂರು ಬೆರಳಿಗೆ ಅಂಟಿದೆ. ಮರ್ವಿನ್ ಉಪಾಲಿಯ ಜೊತೆ ಒಂದೇ ಬೆಂಚಿನಲ್ಲಿ ಓದಿದವನು, ಶವಪೆಟ್ಟಿಗೆಗೆ ಹೆಗಲು ಕೊಟ್ಟವನು, ಹೋದ ವಾರ ಫಿಲ್ಟರ್ ಬದಲಾಯಿಸಿದ, ಡೀಸೆಲ್ ಲೈನಿನ ಗಾಳಿ ತೆಗೆದ, ಸರಿಯಾಯಿತು ಅಂದುಕೊಂಡೆವು, ಇಲ್ಲ. ಈಗ ತಲೆ ಕೆರೆದುಕೊಂಡು, ನಂಗಿ — ಅವನಿಗೆ ನಾನು ಯಾವಾಗಲೂ ತಂಗಿ — ಡೀಸೆಲ್ ಪೈಪ್ ಬದಲಾಯಿಸಿದ ಮೇಲೇ ಅಲ್ವಾ ಇದೆಲ್ಲ ಶುರುವಾಗಿದ್ದು ಎಂದ, ನನಗೆ ಸಿಟ್ಟು ಬಂತು, ಪೈಪ್ ಹಾಕಿದ್ದು ಅವರೇ ಮರ್ವಿನ್ ಅಯ್ಯಾ, ಅವರ ಕೈಕೆಲಸ ನಿಮಗೆ ಗೊತ್ತಿಲ್ವಾ, ಗೊತ್ತು ಮಾರಾಯ್ತಿ, ನನಗಿಂತ ಚೆನ್ನಾಗಿ ಮಾಡ್ತಿದ್ದ, ಆದ್ರೂ ನೋಡೋಣ. ಅವರು ಪೈಪು ಬದಲಾಯಿಸಿದ ದಿನ ಟ್ಯಾಂಕು ತುಂಬಿಸಿಕೊಂಡು ಬಂದರು, ವ್ಯಾನು ಓಡಿತು, ಆಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ತೆಂಗಿನ ಚಿಪ್ಪು ಕೈಯಿಂದ ಜಾರಿತು, ಹಿಂದೆಯೇ ಅವರು — ಬೇಡ. ಮರ್ವಿನ್ ಪಂಪಿನ ಮುಂದೆ ಒಂದು ಪಾರದರ್ಶಕ ಪೈಪಿನ ತುಂಡು ಸೇರಿಸಿದ್ದಾನೆ, ಅದರಲ್ಲಿ ಗುಳ್ಳೆಗಳು ಓಡುತ್ತಿವೆ, ನೋಡು, ಎಲ್ಲೋ ಗಾಳಿ ಎಳೀತಿದೆ, ಎಲ್ಲ ಕ್ಲಿಪ್ಪುಗಳನ್ನೂ ಬಿಗಿ ಮಾಡಿದ, ಗುಳ್ಳೆ ನಿಲ್ಲಲಿಲ್ಲ, ಒಂದು ಕ್ಯಾನಿಗೆ ಡೀಸೆಲ್ ಸುರಿದು ಪಂಪಿಗೆ ನೇರವಾಗಿ ಅದರಿಂದಲೇ ಕೊಟ್ಟ, ಎಂಜಿನ್ನು ಗುಡುಗಿತು, ಗುಳ್ಳೆ ಇಲ್ಲ — ಪಂಪಿಗೆ ಏನೂ ಆಗಿಲ್ಲ, ಎಲ್ಲ ಟ್ಯಾಂಕಿನ ಹತ್ತಿರ ಎಂದು ಕೆಳಗೆ ತೂರಿಕೊಂಡ, ಅವನ ಎರಡು ಚಪ್ಪಲಿ ಮಾತ್ರ ಹೊರಗೆ, ತುಂಬ ಹೊತ್ತು ಅಲ್ಲಾಡಲೇ ಇಲ್ಲ.

ನಂಗಿ, ಎಂದ ಕೆಳಗಿನಿಂದಲೇ, ಅದು ಅವನ ದನಿಯ ಹಾಗಿರಲಿಲ್ಲ. ಎರಡೂ ಪೈಪು ಅದಲುಬದಲಾಗಿದೆ. ಡೀಸೆಲ್ ಎಳ್ಕೊಳ್ಳೋ ಪೈಪು ಟ್ಯಾಂಕಿನ ತಳದ ತನಕ ಹೋಗತ್ತೆ, ಮಿಕ್ಕಿದ್ದು ವಾಪಸ್ ಬರೋದು ಮೇಲೇ ನಿಂತ್ಬಿಡತ್ತೆ, ಇವನು ಅದನ್ನ ಇಲ್ಲಿ, ಇದನ್ನ ಅಲ್ಲಿ ಹಾಕ್ಬಿಟ್ಟಿದಾನೆ, ಟ್ಯಾಂಕ್ ತುಂಬಿದ್ದಾಗ ಗೊತ್ತಾಗಲ್ಲ, ಇಳಿದ ಮೇಲೆ ಗಾಳಿ ಸೇರತ್ತೆ, ಏರಿನಲ್ಲಂತೂ ಬರೀ ಗಾಳಿ — ಉಪಾಲಿನಾ ಹೀಗೆ ಮಾಡಿದ್ದು? ಕಣ್ಣು ಕಟ್ಟಿದ್ರೂ ಮಾಡೋನಲ್ಲ. ಕಣ್ಣು ಕಟ್ಟಿದರೂ. ಅವರು ಬಿದ್ದ ದಿನ ಬದುಳ್ಳ ಆಸ್ಪತ್ರೆಯ ಆ ಹುಡುಗಿ ಡಾಕ್ಟರು ಕೇಳಿದ್ದರು, ತಲೆಗೆ ಎಲ್ಲಾದರೂ ಪೆಟ್ಟು ಬಿದ್ದಿತ್ತಾ, ಹೌದು ಡಾಕ್ಟರ್, ಹಿಂದಿನ ತಿಂಗಳು ವ್ಯಾನಿನ ಬಾಗಿಲು ಬಡಿದಿತ್ತು, ಬಾಮ್ ಹಚ್ಚಿದೆ, ತಲೆಯೊಳಗೆ ರಕ್ತ ಮೆಲ್ಲಮೆಲ್ಲಗೆ ಸೇರಿಕೊಂಡಿದೆ ಅಮ್ಮಾ, ಮೊದಲೇ ತಂದಿದ್ದರೆ ತೆಗೆಯಬಹುದಿತ್ತು, ಈಚೆಗೆ ಏನಾದರೂ ವ್ಯತ್ಯಾಸ ಕಾಣಲಿಲ್ವಾ, ಗೊಂದಲ, ಕೈ ತಡವರಿಸೋದು — ಇಲ್ಲ ಡಾಕ್ಟರ್, ಏನೂ ಇಲ್ಲ, ಚೆನ್ನಾಗಿದ್ದರು, ಮೊನ್ನೆ ತಾನೇ ವ್ಯಾನಿನ ಪೈಪೆಲ್ಲ ಒಬ್ಬರೇ ಬದಲಾಯಿಸಿದರು, ಹೆಮ್ಮೆಯಿಂದ ಹೇಳಿದೆ ನಾನು, ಸಾಕ್ಷಿ ಕೊಡುವವಳ ಹಾಗೆ. ಮರ್ವಿನ್ ಪೈಪುಗಳನ್ನು ಸರಿಮಾಡಿ ಹೊರಗೆ ಬಂದ, ಕೈ ಒರೆಸಿಕೊಂಡ, ನನ್ನ ಮುಖ ನೋಡಲಿಲ್ಲ, ಸ್ಟಾರ್ಟ್ ಮಾಡು ನಂಗಿ, ಇನ್ನು ಹಪುತಲೆ ಏನು, ಎಲ್ಲಿಗೆ ಬೇಕಾದ್ರೂ ಹತ್ತತ್ತೆ, ಮಾಡಿದೆ, ಕಾಲಿಟ್ಟ ಕೂಡಲೇ ಇಡೀ ವ್ಯಾನು ನಡುಗಿ ಎದ್ದಿತು, ಇಷ್ಟು ಬಲ ಇತ್ತು ಇದಕ್ಕೆ, ಇಷ್ಟೂ ದಿನ ಒಳಗೇ ಇತ್ತು — ಪೈಪು ಹಾಕಿದ ಆ ದಿನ ನಾನು ಅಲ್ಲೇ ಇದ್ದೆ, ಅಂಗಳದಲ್ಲಿ, ಕೊಯ್ದ ಸೊಪ್ಪು ತೊಡೆಯ ಮೇಲೆ, ಅವರು ವ್ಯಾನಿನ ಕೆಳಗೆ ಅಂಗಾತ ಮಲಗಿ, ಹದಿನಾಲ್ಕರ ಸ್ಪ್ಯಾನರ್ ಎಲ್ಲಿ ಎಂದರು, ಗೋಣಿತಾಟಿನ ಮೇಲೆ ಅವರ ಎಡಗೈ ಸ್ಪ್ಯಾನರನ್ನು ಮುಟ್ಟಿತು, ದಾಟಿ ಹೋಯಿತು, ಮತ್ತೆ ಬಂತು, ಮುಟ್ಟಿತು, ದಾಟಿತು, ನಾನು ನಕ್ಕೆ, ಕೈ ಕೆಳಗೇ ಇದೆಯಲ್ಲ, ಮುದುಕರಾದ್ರಿ ನೀವು ಅಂದೆ, ಅವರೂ ನಕ್ಕರು, ಇನ್ನೊಂದಿಷ್ಟು ಒತ್ತು ಎನ್ನುತ್ತಿದ್ದಾನೆ ಮರ್ವಿನ್, ಒತ್ತುತ್ತಿದ್ದೇನೆ, ಬಿಸಿಲಿಗೆ ಸ್ಪ್ಯಾನರು ಹೊಳೆಯುತ್ತಿದೆ, ಕೈ ಬಂತು, ಮುಟ್ಟಿತು, ದಾಟಿತು, ಮತ್ತೆ ಬಂತು, ಮುಟ್ಟಿತು