ಚಿಲಕವಿಲ್ಲದ ಬಾಗಿಲು

ಒಗ್ಗರಣೆಗೆ ಇಟ್ಟ ಎಣ್ಣೆ ಕಾಯುವ ಹೊತ್ತಿಗೆ ಕೆಳಗಿನ ಪಾರ್ಕಿಂಗಿಗೆ ಬುಲೆಟ್ ಬೈಕೊಂದು ಗುಡುಗುಟ್ಟುತ್ತ ಬಂದು ನಿಂತಿತು. ಸೋಫಾದ ಪಕ್ಕ ನಾಲ್ಕೂ ಕಾಲು ಚಾಚಿ ಮಲಗಿದ್ದ ಲಡ್ಡು ಎದ್ದು ನೇರ ಅಡುಗೆಮನೆಗೆ ಬಂತು. ವಸುಮತಿಯ ಹಿಮ್ಮಡಿಯನ್ನು ಹಲ್ಲಿನಿಂದ ಒತ್ತಿತು. ಕಚ್ಚಿದ್ದಲ್ಲ, ಚರ್ಮಕ್ಕೆ ತಾಗಿಯೂ ತಾಗದ ಹಾಗೆ ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ. ಅವಳು ಒಲೆ ಆರಿಸಿದಳು. ಆರಿಸದಿದ್ದರೆ ಅದು ಬಿಡುತ್ತಿರಲಿಲ್ಲ. ನಿಂತಲ್ಲೇ ನಿಂತರೆ ಸುತ್ತು ಬಂದು ಮೊಣಕಾಲಿಗೆ ಮೈ ಕೊಟ್ಟು ತಳ್ಳುತ್ತಿತ್ತು, ಕುಳಿತರೆ ಸೀರೆಯ ಅಂಚು ಹಿಡಿದು ಎಳೆಯುತ್ತಿತ್ತು.

ಅಡುಗೆಮನೆಯಿಂದ ಹಾಲ್, ಹಾಲ್‌ನಿಂದ ಬಚ್ಚಲು. ಅವಳು ಬಚ್ಚಲೊಳಗೆ ಕಾಲಿಟ್ಟದ್ದೇ ಲಡ್ಡು ಅವಳಿಗೆ ಬೆನ್ನು ಹಾಕಿ ಹೊಸ್ತಿಲಿಗೆ ಅಡ್ಡವಾಗಿ ಮಲಗಿತು. ದೊಡ್ಡ ಕಿವಿಗಳೆರಡೂ ಮುಂಬಾಗಿಲ ಕಡೆಗೆ. ಬೊಗಳಲಿಲ್ಲ, ಗುರುಗುಡಲಿಲ್ಲ. ಅದು ಉಸಿರಾಡುತ್ತಿದೆಯೋ ಇಲ್ಲವೋ ಎಂದು ವಸುಮತಿ ಬಗ್ಗಿ ನೋಡಬೇಕಾಯಿತು. ಬುಲೆಟ್ಟಿನಲ್ಲಿ ಬಂದ ಮೊದಲ ಮಹಡಿಯ ಹುಡುಗ ಮೆಟ್ಟಿಲು ಹತ್ತಿ, ಬೀಗ ತೆಗೆದು, ತನ್ನ ಮನೆಯ ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲಷ್ಟೇ ಲಡ್ಡು ಎದ್ದು ಮೈ ಕೊಡವಿ, ಏನೂ ಆಗದ ಹಾಗೆ ನೀರು ಕುಡಿಯಲು ಹೋಯಿತು.

ಕಾರು, ಆಟೋ, ಸ್ಕೂಟರು ಯಾವುದಕ್ಕೂ ಹೀಗಿಲ್ಲ. ಬುಲೆಟ್ಟಿಗೆ ಮಾತ್ರ.

ವಸುಮತಿ ಪುತ್ತೂರಿನ ಖಾಸಗಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಐವತ್ತು ದಾಟಿತ್ತು. ಮದುವೆ ಆಗಿರಲಿಲ್ಲ, ಆಗದ್ದಕ್ಕೆ ಬೇಸರವೂ ಇರಲಿಲ್ಲ. ಈಶ್ವರಮಂಗಲದಲ್ಲಿ ಅಣ್ಣನ ಮನೆ ಇತ್ತು. ಆದರೂ ದರ್ಬೆಯ ಹತ್ತಿರ ತನ್ನದೇ ಫ್ಲ್ಯಾಟ್ ಮಾಡಿಕೊಂಡಿದ್ದಳು. ಒಂದು ರಜೆಯ ದಿನ ಸಂಜೆ ಅಂಗಡಿಗೆ ಹೋಗಿ ತೆಂಗಿನಕಾಯಿ ಕೇಳಲು ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ. ಬೆಳಗಿನಿಂದ ಒಂದು ಮಾತೂ ಆಡಿಲ್ಲವೆಂದು ಆಗ ಹೊಳೆಯಿತು. ಅದನ್ನು ತಮಾಷೆಯಾಗಿ ಅಣ್ಣನ ಮಗಳು ಪ್ರಣೀತಾಳಿಗೆ ಹೇಳಿದಳು. ಪ್ರಣೀತಾ ನಗಲಿಲ್ಲ. ಒಂದು ನಾಯಿ ಸಾಕು ಅತ್ತೆ ಎಂದಳು. ಫ್ಲ್ಯಾಟಿಗೆ ಕೋರ್ಗಿ ಸರಿ, ದನ ಅಟ್ಟುವ ಜಾತಿಯಾದರೂ ಗಿಡ್ಡ ಕಾಲು, ಜಾಸ್ತಿ ಜಾಗ ಬೇಡ, ಜನರನ್ನು ಬಿಟ್ಟಿರುವುದಿಲ್ಲ ಎಂದು ಫೋನಿನಲ್ಲಿ ಚಿತ್ರ ತೋರಿಸಿದಳು. ದೊಡ್ಡ ನಾಯಿಗಳನ್ನು ಒಪ್ಪದ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯೂ ಆ ಚಿತ್ರ ನೋಡಿ, ಇದು ನಾಯಿಯೋ ಹಲಸಿನಕಾಯಿಗೆ ಕಾಲು ಬಂದದ್ದೋ ಎಂದು ನಕ್ಕು ಒಪ್ಪಿದ್ದ.

ಹತ್ತಿರದ ಸವಣೂರಿನಲ್ಲಿ ಒಬ್ಬರು ಬೆಳೆದ ಕೋರ್ಗಿಯೊಂದನ್ನು ಸುಮ್ಮನೆ ಕೊಡುತ್ತಾರಂತೆ ಎಂಬ ಸುದ್ದಿ ತಂದವಳೂ ಪ್ರಣೀತಾಳೇ. ಇಬ್ಬರೂ ಹೋಗಿದ್ದರು. ತೀರ್ಥರಾಮ ಎಂಬವನ ಮನೆ. ಮೂವತ್ತೈದರ ಆಸುಪಾಸಿನ ಗಂಡಸು, ಇಸ್ತ್ರಿ ಮಾಡಿದ ಅಂಗಿ, ಮೆಲು ಮಾತು. ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟ. ನಾಯಿ ಹೆಂಡತಿ ಸಾಕಿದ್ದು, ಹೆಸರು ಲಡ್ಡು, ಮಳೆಗಾಲದಲ್ಲಿ ಅವಳು ತೋಟದ ಕೆರೆಗೆ ಕಾಲು ಜಾರಿ ಬಿದ್ದು ತೀರಿಹೋದಳು, ಇನ್ನು ಇದನ್ನು ನೋಡಿಕೊಳ್ಳಲು ಜನ ಇಲ್ಲ ಎಂದ. ಹೇಳುವಾಗ ಕಣ್ಣು ಒದ್ದೆಯಾಗಿತ್ತು. ವಸುಮತಿಗೆ ಪಾಪ ಅನ್ನಿಸಿತು. ಹೊರಡುವ ಮೊದಲು ಅವಳು ಬಚ್ಚಲಿಗೆ ಹೋಗಬೇಕಾಯಿತು. ಹೊಸ ಟೈಲ್ಸ್ ಹಾಕಿದ ಚೊಕ್ಕ ಬಚ್ಚಲು. ಒಳಗಿನಿಂದ ಹಾಕಲು ಹೋದರೆ ಬಾಗಿಲಿಗೆ ಚಿಲಕ ಇರಲಿಲ್ಲ. ಚಿಲಕ ಇದ್ದ ಜಾಗದಲ್ಲಿ ಸ್ಕ್ರೂ ಕಿತ್ತ ತೂತುಗಳು ಮಾತ್ರ. ರಿಪೇರಿಯೇನೋ ಅಂದುಕೊಂಡು ಒಂದು ಕೈಯಿಂದ ಬಾಗಿಲು ಒತ್ತಿ ಹಿಡಿದುಕೊಂಡಿದ್ದಳು. ಅಂಗಳದಲ್ಲಿ ಕಟ್ಟಿದ್ದ ನಾಯಿ ಕಾರು ಹತ್ತಿತು. ಕಾರು ಗೇಟು ದಾಟುವಾಗ ಅದು ಹಿಂದೆ ತಿರುಗಿ ನೋಡಲಿಲ್ಲ.

ಲಡ್ಡು ಬಂದ ಮೇಲೆ ಮನೆಯಲ್ಲಿ ಮಾತು ಹುಟ್ಟಿತು. ಬೆಳಿಗ್ಗೆ ದೋಸೆ ಹೊಯ್ಯುವಾಗ ಅವಳು ಅದಕ್ಕೆ ಲ್ಯಾಬಿನ ಸುದ್ದಿ ಹೇಳುತ್ತಿದ್ದಳು. ಅದು ತಲೆ ಓರೆ ಮಾಡಿ ಕೇಳುತ್ತಿತ್ತು. ಸಂಜೆಯ ಬುಲೆಟ್ ಒಂದನ್ನು ಬಿಟ್ಟರೆ ಯಾವ ತಕರಾರೂ ಇರಲಿಲ್ಲ. ಆ ತಕರಾರೂ ಪ್ರಣೀತಾಳಿಗೆ ತಮಾಷೆಯೇ. ಒಂದು ಸಂಜೆ ಬಂದವಳು ಲಡ್ಡು ಅತ್ತೆಯನ್ನು ಬಚ್ಚಲಿಗೆ ಅಟ್ಟಿಕೊಂಡು ಹೋಗುವುದನ್ನು ಫೋನಿನಲ್ಲಿ ಹಿಡಿದು, 'ಅತ್ತೆಯ ಹೊಸ ಯಜಮಾನ' ಎಂದು ಬರೆದು ಇನ್‌ಸ್ಟಾಗ್ರಾಮಿಗೆ ಹಾಕಿದಳು. ಎಷ್ಟೋ ಜನ ನೋಡಿದರಂತೆ. ಆಸ್ಪತ್ರೆಗೆ ರಕ್ತ ಕೊಡಲು ಬಂದವರೂ ಅವಳ ಮುಖ ನೋಡಿ, ಸ್ನಾನ ಆಯ್ತಾ ಅಕ್ಕ ಎಂದು ಕೇಳಿದರು.

ಎದುರು ಫ್ಲ್ಯಾಟಿನ ಲೈಲಾ ಮಾತ್ರ ನಗಲಿಲ್ಲ. ಅವಳ ಗಂಡ ಸೌದಿಯ ದಮ್ಮಾಮಿನಲ್ಲಿದ್ದ. ನಾಯಿ ತಾಗಿದರೆ ನಮಾಜಿಗೆ ಆಗುವುದಿಲ್ಲವೆಂದು ಲೈಲಾ ಅದರ ಮೂತಿ ತಾಗದಷ್ಟು ದೂರ ನಿಲ್ಲುತ್ತಿದ್ದಳು, ಆದರೆ ಅದಕ್ಕೆಂದೇ ಮೀನಿನ ತಲೆ ಬೇಯಿಸಿ ಕಳಿಸುತ್ತಿದ್ದಳು. ವಿಡಿಯೊವನ್ನು ಅವಳು ಮತ್ತೆ ಮತ್ತೆ ನೋಡಿ ಫೋನನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟಳು.

"ಅದು ನಿಮ್ಮನ್ನು ಸ್ನಾನಕ್ಕೆ ಕಳಿಸುದಲ್ಲ ಅಕ್ಕ," ಎಂದಳು. "ಅಡಗಿಸುದು."

ಆ ಮಾತು ವಸುಮತಿಗೆ ಹಿಡಿಸಲಿಲ್ಲ. ನಾಯಿಗೆ ಅಷ್ಟೆಲ್ಲ ಎಲ್ಲಿಯ ಬುದ್ಧಿ ಎಂದು ಮಾತು ಬದಲಿಸಿದಳು. ಆದರೆ ಮರುದಿನ ಲ್ಯಾಬಿನಲ್ಲಿ ಸೂಜಿ ಕಂಡು ಮುಖ ತಿರುಗಿಸಿದವರ ತೋಳು ಹಿಡಿದಾಗಲೆಲ್ಲ ಆ ಮಾತು ನೆನಪಾಯಿತು. ಹೆದರಿದವರ ಮೈ ಬೆರಳಿಗೆ ಗೊತ್ತಾಗುತ್ತದೆ. ಹೊಸ್ತಿಲಿಗೆ ಅಡ್ಡ ಮಲಗಿದ ಲಡ್ಡುವಿನ ಬೆನ್ನು ಮುಟ್ಟಿದರೆ ಇದೇ ಬಿಗಿ.

ಶನಿವಾರ ಪ್ರಣೀತಾ ಒಂದು ಸಂದೇಶ ಕಳಿಸಿದಳು. ಗುಂಡ್ಯದ ಯಶಸ್ವಿ ಎಂಬ ಹುಡುಗಿ ವಿಡಿಯೊ ನೋಡಿ ಕೇಳಿದ್ದಾಳಂತೆ: ಈ ನಾಯಿಯ ಎಡಕಿವಿಯ ತುದಿ ಸೀಳಿದೆಯಾ? ಇದಕ್ಕೆ ಲಡ್ಡು ಅಂತ ಹೆಸರಾ? ವಿಡಿಯೊದಲ್ಲಿ ಯಾರೂ ನಾಯಿಯ ಹೆಸರು ಹೇಳಿರಲಿಲ್ಲ. ವಸುಮತಿ ಕಿವಿಯ ರೋಮ ಸರಿಸಿ ನೋಡಿದಳು. ತುದಿ ಸೀಳಿತ್ತು.

ಭಾನುವಾರ ಸಂಜೆ ಲೈಲಾ ಅಕ್ಕಿಯ ಪತ್ತಿರ್ ರೊಟ್ಟಿ ತಂದಿದ್ದಳು. ಅವಳಿಗೆ ಸಂದೇಶ ತೋರಿಸಿ, ಹುಡುಗಿಗೆ ಏನು ಉತ್ತರ ಕೊಡುವುದೆಂದು ಇಬ್ಬರೂ ಮಾತಾಡುತ್ತಿರುವಾಗಲೇ ಕೆಳಗೆ ಬುಲೆಟ್ಟಿನ ಸದ್ದಾಯಿತು. ಲಡ್ಡು ಎದ್ದ ರೀತಿ ಆ ದಿನ ಬೇರೆಯೇ ಇತ್ತು. ನಿಂತಲ್ಲೇ ನೆಲ ಒದ್ದೆಯಾಯಿತು. ಕಾಲುಗಳು ನಡುಗುತ್ತಿದ್ದರೂ ಅದು ವಸುಮತಿಯ ಹಿಮ್ಮಡಿಗೆ ಬಂತು, ಆಮೇಲೆ ಲೈಲಾಳ ಹಿಂದೆ ಹೋಯಿತು. ತಾಗಿಸಿಕೊಳ್ಳಬಾರದೆಂದು ಲೈಲಾ ಚಪ್ಪಲಿ ಹಾರಿಸಿ ಬಚ್ಚಲಿಗೆ ಓಡಿದಳು. ಇಬ್ಬರಿಗೂ ನಗು ಬಂತು. ಶಾಲೆಯ ಮಕ್ಕಳ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತರು. ಲಡ್ಡು ಹೊಸ್ತಿಲಿಗೆ ಅಡ್ಡ ಮಲಗಿತು.

ಮೊದಲ ಮಹಡಿಯ ಬಾಗಿಲು ತೆರೆದ ಸದ್ದಾಗಲಿಲ್ಲ. ಹೆಜ್ಜೆಗಳು ಇನ್ನೂ ಮೇಲೆ ಬಂದವು. ಅವಸರವಿಲ್ಲದ ಹೆಜ್ಜೆ. ವಸುಮತಿಯ ಮನೆಯ ಬೆಲ್ ಹೊಡೆಯಿತು.

ಬಚ್ಚಲಿನ ವೆಂಟಿಲೇಟರ್ ಮೆಟ್ಟಿಲ ಕಡೆಗೇ ಇತ್ತು. ಸ್ವರ ಕಿವಿಯ ಹತ್ತಿರವೇ ಆಡಿದ ಹಾಗೆ ಕೇಳಿಸಿತು.

"ಅಕ್ಕಾ, ನಾನು ಸವಣೂರಿನ ತೀರ್ಥರಾಮ. ನಾಯಿ ವಾಪಸ್ ಬೇಕಿತ್ತು. ವಿಡಿಯೊ ನೋಡಿದೆ. ನಿಮ್ಗೆ ಸುಮ್ನೆ ತೊಂದ್ರೆ ಅಲ್ವಾ."

ಬಂದವರಿಗೆ ಬಾಗಿಲು ತೆಗೆಯದಿರುವುದು ಹೇಗೆ? ವಸುಮತಿ ಹೆಜ್ಜೆ ಎತ್ತಿದಳು. ಲಡ್ಡು ಕದಲಲಿಲ್ಲ. ಲೈಲಾ ಅವಳ ಮಣಿಕಟ್ಟು ಹಿಡಿದು ತಲೆಯಾಡಿಸಿದಳು. ಬೆಲ್ ಮತ್ತೆ ಹೊಡೆಯಿತು. ಆಮೇಲೆ ಬೆರಳ ಗೆಣ್ಣಿನಿಂದ ಬಾಗಿಲು ತಟ್ಟುವ ಸದ್ದು. ಆಮೇಲೆ ಏನೂ ಇಲ್ಲ. ಹೋದ ಅಂದುಕೊಳ್ಳುವಷ್ಟರಲ್ಲಿ ಮೆಟ್ಟಿಲ ಮೇಲೆ ಅಂಗಿ ಗೋಡೆಗೆ ಉಜ್ಜಿದ ಸದ್ದಾಯಿತು. ವೆಂಟಿಲೇಟರಿನ ಕೆಳಗೇ ಅವನು ಕುಳಿತಿದ್ದ.

"ಒಳಗೆ ಇದ್ದಿ ಅಂತ ನಂಗೆ ಗೊತ್ತುಂಟು," ಎಂದ. ಸ್ವರ ಮೊದಲಿಗಿಂತಲೂ ಮೆತ್ತಗಿತ್ತು. "ನಾನು ಇಲ್ಲೇ ಕೂತ್ಕೊಳ್ತೇನೆ. ಎಷ್ಟು ಹೊತ್ತು ಬೇಕಾದ್ರೂ ಕೂತ್ಕೊಳ್ತೇನೆ."

ಅವನ ಮಾತಿನಿಂದ 'ಅಕ್ಕ' ಹೋಗಿತ್ತು, 'ನೀವು' ಹೋಗಿತ್ತು. ಅವನು ತನ್ನೊಡನೆ ಮಾತಾಡುತ್ತಿಲ್ಲವೆಂದು ವಸುಮತಿಗೆ ತಿಳಿಯಿತು. ಯಾರೊಡನೆ ಎಂದೂ ತಿಳಿಯಿತು. ಆದರೂ ಉಸಿರು ಕಟ್ಟಿ ನಿಂತವಳು ತಾನೇ.

"ಲಡ್ಡು," ಎಂದ ಅವನು. "ಅವಳನ್ನು ಹೊರಗೆ ತಾ."

ಲಡ್ಡುವಿನ ಕಿವಿ ತಲೆಗೆ ಅಂಟಿಕೊಂಡಿತು. ಎದ್ದೇಳುತ್ತದೆ ಅಂದುಕೊಂಡರು. ಅದು ಹೊಟ್ಟೆಯನ್ನು ನೆಲಕ್ಕೆ ಇನ್ನಷ್ಟು ಒತ್ತಿ, ಗಿಡ್ಡ ಕಾಲುಗಳನ್ನು ಬಾಗಿಲ ಆ ದಾರಂದದಿಂದ ಈ ದಾರಂದಕ್ಕೆ ಚಾಚಿ ಮಲಗಿತು. ವಸುಮತಿಯ ಕಣ್ಣಿಗೆ ಸವಣೂರಿನ ಬಚ್ಚಲ ಬಾಗಿಲು ಕಟ್ಟಿತು. ಅದರ ಮೇಲಿನ ಸ್ಕ್ರೂ ತೂತುಗಳು. ಚಿಲಕ ಕಿತ್ತ ಮೇಲೆ ಅವನ ಹೆಂಡತಿಗೆ ಇದ್ದ ಚಿಲಕ ಇದೊಂದೇ.

ಅವಳು ಮುಖವನ್ನು ವೆಂಟಿಲೇಟರಿಗೆ ಎತ್ತಿದಳು. ಸ್ವರ ಹೊರಡಲು ಒಮ್ಮೆ ಕೆಮ್ಮಬೇಕಾಯಿತು.

"ನಾಯಿ ಕೊಡುದಿಲ್ಲ. ಇಲ್ಲಿ ನಾನೊಬ್ಬಳೇ ಇಲ್ಲ. ನೀನು ಹೇಳಿದ್ದನ್ನು ಇಬ್ಬರು ಕೇಳಿದ್ದೇವೆ. ಇಳಿದು ಹೋಗು."

ಹೊರಗೆ ಅವನು ಎದ್ದು ಅಂಗಿ ಕೊಡವಿಕೊಂಡದ್ದು ಕೇಳಿಸಿತು. "ಓ, ಅಕ್ಕ ಇದ್ರಾ," ಎಂದ, ಮೊದಲಿನ ಸ್ವರದಲ್ಲಿ. "ಇಲ್ಲ ಅಂದ್ಕೊಂಡೆ ಮಾರಾಯ್ರೆ." ಹೆಜ್ಜೆಗಳು ಬಂದಷ್ಟೇ ನಿಧಾನವಾಗಿ ಇಳಿದವು.

ಬುಲೆಟ್ ದೂರವಾದ ಮೇಲೂ ಲಡ್ಡು ಏಳಲಿಲ್ಲ. ಮಸೀದಿಯ ಬಾಂಗ್ ಕೇಳಿಬಂತು. ಆಗ ಲೈಲಾ ತನ್ನ ಕೈ ಎಲ್ಲಿದೆಯೆಂದು ನೋಡಿಕೊಂಡಳು. ಅದು ನಾಯಿಯ ಬೆನ್ನ ಮೇಲಿತ್ತು. ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಯಶಸ್ವಿಗೆ ಫೋನು ಮಾಡಿ ಇಬ್ಬರೂ ಗುಂಡ್ಯಕ್ಕೆ ಹೊರಟರು. ಲೈಲಾಳೇ ಕಾರು ಓಡಿಸಿದಳು. ನೆಲ್ಯಾಡಿ ದಾಟುವವರೆಗೆ ಹಿಂದಿನ ಸೀಟಿನಲ್ಲಿ ಮಲಗಿದ್ದ ಲಡ್ಡು, ಆಮೇಲೆ ಕಿಟಕಿಗೆ ಮೂತಿ ಇಟ್ಟು ನಿಂತಿತು. ಹೆದ್ದಾರಿಯಿಂದ ಒಳಗೆ ತಿರುಗಿದ ಮಣ್ಣಿನ ರಸ್ತೆಯ ಕೊನೆಯಲ್ಲಿ ಹಂಚಿನ ಸಣ್ಣ ಮನೆ. ಅಂಗಳದಲ್ಲಿ ನಿಂತಿದ್ದ ಹೆಂಗಸು ಕಾರಿನಿಂದ ಹಾರಿದ ನಾಯಿಯನ್ನು ನೋಡಿ ಜಗಲಿಯ ಅಂಚಿಗೆ ಬಂದು ಕುಳಿತು ಅದರತ್ತ ಕೈ ಚಾಚಿದಳು. ಅವಳು ಸೇವಂತಿ, ತೀರ್ಥರಾಮನ ಸತ್ತ ಹೆಂಡತಿ ಮೋಕ್ಷಿತಾಳ ತಾಯಿ. ಯಶಸ್ವಿ ಮೋಕ್ಷಿತಾಳ ತಂಗಿ.

ನಾಯಿಯನ್ನು ಅಕ್ಕನಿಗೆ ಮಂಗಳೂರಿನಿಂದ ತಂದುಕೊಟ್ಟವಳು ಯಶಸ್ವಿಯೇ. ಮನೆಯಲ್ಲಿ ಒಬ್ಬಳೇ ಎಂದು ಅಕ್ಕ ಬೇಸರಿಸುತ್ತಿದ್ದಳಂತೆ. ಅಕ್ಕ ಕೆರೆಗೆ ಬಿದ್ದ ದಿನವೇ ನಾಯಿಯೂ ಕಾಣೆಯಾಯಿತು, ಎಷ್ಟು ಹುಡುಕಿದರೂ ಸಿಗಲಿಲ್ಲ ಎಂದು ಭಾವ ಅತ್ತಿದ್ದನಂತೆ. ವಸುಮತಿ ಒಂದೊಂದಾಗಿ ಎಲ್ಲ ಹೇಳಿದಳು: ಬುಲೆಟ್, ಬಚ್ಚಲು, ಚಿಲಕ, ಮೆಟ್ಟಿಲ ಮೇಲಿನ ಮಾತು. ಸೇವಂತಿ ಅಳಲಿಲ್ಲ.

"ನಮ್ಮ ಮೋಕ್ಷಿತಾ ಯಾವಾಗ್ಲೂ ಬಾತ್‌ರೂಮಿಂದಲೇ ಫೋನ್ ಮಾಡುದು," ಎಂದಳು. "ಅಲ್ಲಿ ಮಾತ್ರ ನೆಟ್‌ವರ್ಕ್ ಸಿಗುದಮ್ಮ ಅಂತ ಹೇಳ್ತಿತ್ತು. ಮೆಲ್ಲ ಮಾತಾಡುದು. ನಾವು ಇಲ್ಲಿ ಕೂತು ನಗಾಡ್ತಿದ್ದೆವು."

ಮಧ್ಯಾಹ್ನದ ಮೊದಲೇ ನಾಲ್ವರೂ ಪೊಲೀಸ್ ಸ್ಟೇಷನ್ನಿಗೆ ಹೋದರು. ನಾಯಿ ಕಂಡದ್ದನ್ನು ಬರೆದುಕೊಳ್ಳಲು ಬರುವುದಿಲ್ಲ ಎಂದರು ಅಲ್ಲಿನ ಎಸ್ಸೈ. ಆದರೆ ತೀರ್ಥರಾಮ ಆಡಿದ ಮಾತನ್ನು, ನಾಯಿ ಕಾಣೆಯಾಯಿತೆಂದು ಹೇಳಿದ ಸುಳ್ಳನ್ನು, ಕಿತ್ತ ಚಿಲಕವನ್ನು ಬರೆದುಕೊಂಡರು. ಲೈಲಾ ಸಹಿ ಹಾಕಿದಳು, ವಸುಮತಿ ಹಾಕಿದಳು. ಹಳೆಯ ಕಡತ ತೆಗೆಸಿ ನೋಡುತ್ತೇವೆ, ಮುಂದಿನದ್ದು ಈಗಲೇ ಹೇಳಲಾಗುವುದಿಲ್ಲ ಎಂದರು. ಅವರ ಮುಖದಲ್ಲಿ ಹುಸಿ ಇರಲಿಲ್ಲ.

ತಿರುಗಿ ಬಂದಾಗ ಸೇವಂತಿ ಊಟ ಮಾಡದೆ ಕಳಿಸುವುದಿಲ್ಲ ಎಂದಳು. ನಾಯಿಯನ್ನು ಇಲ್ಲೇ ಬಿಡಬೇಕಾದೀತೋ ಎಂದು ವಸುಮತಿಗೆ ಬೆಳಗಿನಿಂದ ಒಂದು ಸಂಕಟ. ಕೇಳಿಯೇ ಬಿಟ್ಟಳು. ನಿಮ್ಮ ಜತೆಗೇ ಇರಲಿ, ಆಗಾಗ ಕರೆದುಕೊಂಡು ಬನ್ನಿ ಎಂದಳು ಸೇವಂತಿ.

ಲಡ್ಡು ಈ ಮನೆಯಲ್ಲಿ ಬೇರೆಯೇ ನಾಯಿಯಾಗಿತ್ತು. ದನದ ಹಟ್ಟಿಯ ಹತ್ತಿರವಿದ್ದ ಸೇವಂತಿಯ ಹಿಮ್ಮಡಿಗೆ ಮೂತಿ ಒತ್ತಿ ಅಡುಗೆಮನೆಗೆ ಕರೆತಂದಿತು. ಬಾವಿಕಟ್ಟೆಯಿಂದ ಯಶಸ್ವಿಯನ್ನು, ಜಗಲಿಯಿಂದ ವಸುಮತಿಯನ್ನು. ಕಾರಿನಿಂದ ನೀರಿನ ಬಾಟಲಿ ತರಲು ಹೋಗಿದ್ದ ಲೈಲಾಳನ್ನೂ ಬಿಡಲಿಲ್ಲ. ಅದರ ನಡಿಗೆಯಲ್ಲಿ ಹೆದರಿಕೆ ಇರಲಿಲ್ಲ, ಗಿಡ್ಡ ಬಾಲ ಆಡುತ್ತಿತ್ತು.

"ಅದಕ್ಕೆ ಎಲ್ಲರೂ ಒಂದೇ ಕಡೆ ಇರ್ಬೇಕು," ಎಂದಳು ಯಶಸ್ವಿ. "ಇಲ್ಲದಿದ್ರೆ ಕೂತ್ಕೊಳ್ಳುದಿಲ್ಲ."

ನಾಲ್ವರೂ ಅಡುಗೆಮನೆಯ ನೆಲದಲ್ಲಿ ಕುಳಿತರು. ಲಡ್ಡು ಒಬ್ಬೊಬ್ಬರ ಮುಂದೆಯೂ ನಿಂತು ಮುಖ ನೋಡಿ ಮೂಸಿತು. ಒಂದು ಸುತ್ತು ಮುಗಿದ ಮೇಲೆ ಇನ್ನೊಂದು ಸುತ್ತು ಬಂತು. ಆಮೇಲೆ ಹೊರಗೆ ಹೋಯಿತು.

ಅಂಗಳದ ನಡುವೆ ಅದು ಮಣ್ಣಿನ ರಸ್ತೆಯ ಕಡೆ ಮುಖ ಮಾಡಿ ನಿಂತದ್ದು ಬಾಗಿಲಿನಿಂದ ಕಾಣುತ್ತಿತ್ತು. ದೂರದಲ್ಲಿ ಶಿರಾಡಿ ಇಳಿದು ಬಂದ ಲಾರಿಗಳ ಸದ್ದು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕಿವಿ ನೆಟ್ಟಗೆ ಮಾಡಿ, ಇನ್ನೂ ಒಬ್ಬಳು ಬರಲಿಕ್ಕಿರುವ ಹಾಗೆ ಅದು ಕಾಯುತ್ತಿತ್ತು. ಸೇವಂತಿಯ ಕೈಯ ಸೌಟಿನಿಂದ ಗಂಜಿ ತೊಟ್ಟಿಕ್ಕಿತು. ಯಾರೂ ಅದನ್ನು ಒಳಗೆ ಕರೆಯಲಿಲ್ಲ.